ಹೊಲಕ್ಕೂ ಪೇಟೆಗೂ ನಡುವಿನ ವಿದ್ಯೆ

ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಗಳ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ಅಸಮಾಧಾನವಿದೆ. ಬೀದರ್ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಕೂರುವ ಮಕ್ಕಳಲ್ಲಿ ಬಹುಪಾಲು ಔರಾದ್, ಭಾಲ್ಕಿ, ಹುಮನಾಬಾದ್ ಕಡೆಯ ಒಕ್ಕಲುತನದ ಮನೆಗಳಿಂದ ಬಂದವರು. ಅಂಥ ಮಕ್ಕಳ ಮುಂದೆ ತೋಟಗಾರಿಕೆಯ ಬಗ್ಗೆ ಮಾತನಾಡಲು ಬಂದವರು ಹುದ್ದೆಗಳ ಪಟ್ಟಿಯೊಂದನ್ನು ಪರದೆಯ ಮೇಲೆ ತೋರಿಸುತ್ತಾರೆ: ಸಹಾಯಕ ತೋಟಗಾರಿಕೆ ಅಧಿಕಾರಿ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ, ಬೀಜ ಕಂಪನಿಯ ಪ್ರತಿನಿಧಿ, ವಿಜ್ಞಾನಿ. ಮಕ್ಕಳು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಈ ಹುದ್ದೆಗಳಲ್ಲಿ ಇರುವವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ, ಅದಕ್ಕೆ ಯಾವ ತಿಳಿವಳಿಕೆ ಬೇಕು, ಆ ಕೆಲಸ ನಡೆಯದೆ ಹೋದರೆ ಯಾರಿಗೆ ನಷ್ಟ ಎಂಬ ವಿಷಯ ಮಾತಿಗೆ ಬರುವುದೇ ಇಲ್ಲ.

ಅಂಥದೊಂದು ಕಾರ್ಯಕ್ರಮದಲ್ಲಿ ಔರಾದ್ ತಾಲೂಕಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. "ಸರ್, ನಮ್ಮ ಅಪ್ಪ ಸಾಲಿ ಕಲಿಲಾರ್ದೇ ಶುಂಠಿ, ಅರಿಶಿಣ ಬೆಳಿತಾರ್ರಿ. ಅದೇ ಕೆಲಸಕ್ಕ ನಾ ಯಾಕ ನಾಕ್ ವರ್ಷ ಓದ್ಬೇಕ್ರಿ?" ಎಂದಳು. ಅತಿಥಿಗಳು ಸರ್ಕಾರಿ ನೌಕರಿಯ ಭದ್ರತೆಯ ಬಗ್ಗೆ ಏನೋ ಹೇಳಿ ಮುಂದಿನ ಸ್ಲೈಡಿಗೆ ಹೋದರು. ಆ ಪ್ರಶ್ನೆಯಲ್ಲಿ ಉಡಾಫೆ ಇರಲಿಲ್ಲ. ತಂದೆಯ ಅನುಭವದ ಮೇಲಿನ ಗೌರವವಿತ್ತು, ಓದಿನಿಂದ ಅದಕ್ಕೆ ಏನು ಸೇರುತ್ತದೆ ಎಂದು ತಿಳಿಯುವ ನಿಜವಾದ ಬಯಕೆಯಿತ್ತು. ತೋಟಗಾರಿಕೆಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಬೇಕೆನ್ನುವವರು ಮೊದಲು ಉತ್ತರಿಸಬೇಕಾದದ್ದು ಇದಕ್ಕೇ ಎಂದು ನನಗೆ ಅನಿಸುತ್ತದೆ.

ಅನುಭವಕ್ಕೆ ಸಿಗದ ಕೀಟ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ಭಾಗದಲ್ಲಿ ಮೆಣಸಿನಕಾಯಿ ಬೆಳೆದವರಿಗೆ 2021ರ ಹಂಗಾಮು ನೆನಪಿದ್ದೀತು. ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಲ್ಲಿ ಆ ವರ್ಷ ಕಪ್ಪು ಥ್ರಿಪ್ಸ್ ಎಂಬ, ರಸ ಹೀರುವ ಪುಟ್ಟ ಕೀಟ ಹಬ್ಬಿತು. ಥ್ರಿಪ್ಸ್ ನಮ್ಮ ರೈತರಿಗೆ ಹೊಸದಲ್ಲ. ಎಲೆ ಮುಟುರುವುದನ್ನು ದೂರದಿಂದಲೇ ನೋಡಿ ಗುರುತಿಸುತ್ತಾರೆ, ಯಾವಾಗ ಔಷಧ ಹೊಡೆಯಬೇಕೆಂದು ಅವರಿಗೆ ಗೊತ್ತು. ಆದರೆ ಇದು ಬೇರೆ ಜಾತಿಯದು, ಹೊರಗಿನಿಂದ ಬಂದದ್ದು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 2015ರಲ್ಲಿ, ಅದೂ ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ. ಎಲೆಗಿಂತ ಹೆಚ್ಚಾಗಿ ಇದು ಹೂವಿನೊಳಗೆ ಗುಂಪಾಗಿ ಸೇರುತ್ತದೆ. ಹೂವು ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಹಳೆಯ ಥ್ರಿಪ್ಸಿಗೆ ಹೊಡೆಯುತ್ತಿದ್ದ ಔಷಧಗಳನ್ನೇ ರೈತರು ಮೇಲಿಂದ ಮೇಲೆ ಹೊಡೆದರು. ಕೀಟವನ್ನು ತಿನ್ನುವ ಮಿತ್ರಕೀಟಗಳು ಸತ್ತವು. ಕಪ್ಪು ಥ್ರಿಪ್ಸ್ ಉಳಿದುಕೊಂಡಿತು. ಖರ್ಚು ಏರಿತು, ಬೆಳೆ ಕೈ ಬಿಟ್ಟಿತು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಡಬಯಸುವ ಉತ್ತರ ಈ ಪ್ರಸಂಗದಲ್ಲಿದೆ. ತಂದೆಯ ಅನುಭವವು ಮತ್ತೆ ಮತ್ತೆ ಬರುವ ಸಂಗತಿಗಳ ಜ್ಞಾನ. ಮಳೆ, ಮಣ್ಣು, ಬಿತ್ತುವ ಹದ, ಊರಿನ ನೀರಿನ ಗುಣ, ಯಾವ ಹೊಲದಲ್ಲಿ ನೀರು ನಿಂತು ಶುಂಠಿ ಗಡ್ಡೆ ಕೊಳೆಯುತ್ತದೆ ಎಂಬುದು, ಇವನ್ನೆಲ್ಲ ಯಾವ ವಿಶ್ವವಿದ್ಯಾಲಯವೂ ಅವರಿಗಿಂತ ಚೆನ್ನಾಗಿ ಹೇಳಲಾರದು. ಆದರೆ ಮೊದಲ ಸಲ ಬರುವ ಸಂಗತಿಯನ್ನು ಎದುರಿಸಲು ಹೂವೊಂದನ್ನು ಬಿಳಿ ಹಾಳೆಯ ಮೇಲೆ ಕೊಡವಿ, ಬಿದ್ದ ಕೀಟವನ್ನು ಭೂತಗನ್ನಡಿಯಲ್ಲಿ ನೋಡಿ, ಇದು ನಮ್ಮ ಹಳೆಯ ಥ್ರಿಪ್ಸ್ ಅಲ್ಲ ಎಂದು ಹೇಳಬಲ್ಲ ಒಬ್ಬರು ತಾಲೂಕಿನಲ್ಲಿ ಇರಬೇಕಾಗುತ್ತದೆ. ಅವರು ಬೇಗ ಹೇಳಿದರೆ ಎಷ್ಟೋ ಮನೆಗಳ ಸಾಲ ಉಳಿಯುತ್ತದೆ. ಓದು ಬೇಕಾಗುವುದು ಅಲ್ಲಿ. ತಂದೆ ಮಾಡುವ ಕೆಲಸವನ್ನೇ ಇನ್ನೊಮ್ಮೆ ಕಲಿಯುವುದಕ್ಕಾಗಿ ನಾಲ್ಕು ವರ್ಷ ಕೊಡಬೇಕಾಗಿಲ್ಲ. ತಂದೆಗೆ ಒಂಟಿಯಾಗಿ ಮಾಡಲಾಗದ ಕೆಲಸವನ್ನು ಕಲಿಯುವುದಕ್ಕಾಗಿ ಕೊಡಬೇಕು.

ನರ್ಸರಿಯಲ್ಲಿ ಕಳೆದ ಬೆಳಗು

ಒಂದು ಮಳೆಗಾಲದಲ್ಲಿ ವಿದ್ಯಾರ್ಥಿಗಳನ್ನು ಹುಮನಾಬಾದ್ ಕಡೆಯ ಖಾಸಗಿ ನರ್ಸರಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಮಾವಿನ ಕಸಿ ಕಟ್ಟುವ ಕಾಲವದು. ಗಾಳಿಯಲ್ಲಿ ತೇವ ಇರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಮೃದುಕಾಂಡ ಕಸಿ ಚೆನ್ನಾಗಿ ಹತ್ತುತ್ತದೆ. ಶೇಡ್‌ನೆಟ್ಟಿನ ಕೆಳಗೆ ಹೆಂಗಸರು ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯರಾದ ಒಬ್ಬರ ಪಕ್ಕ ನನ್ನ ವಿದ್ಯಾರ್ಥಿಗಳು ಕೂತರು. ಕಸಿಕಡ್ಡಿಯನ್ನು ತರುವ ಒಂದು ವಾರ ಮೊದಲೇ ತಾಯಿಮರದ ಮೇಲೆ ಅದರ ಎಲೆಗಳನ್ನು ತೊಟ್ಟು ಉಳಿಯುವಂತೆ ಕತ್ತರಿಸಿಬಿಡುತ್ತಾರೆ. ಆಗ ತುದಿಮೊಗ್ಗು ಉಬ್ಬಿ ಚಿಗುರಲು ಸಿದ್ಧವಾಗಿರುತ್ತದೆ. ಆ ಕಡ್ಡಿಯ ಕೆಳತುದಿಯನ್ನು ಎರಡೂ ಬದಿಯಿಂದ ಬೆಣೆಯ ಆಕಾರಕ್ಕೆ ಕೊಯ್ದು, ಬೇರುಸಸಿಯ, ಅಂದರೆ ಕಸಿಗೆ ಬೇರು ಒದಗಿಸುವ ಸಸಿಯ, ಎಳೆಯ ಕಾಂಡವನ್ನು ನಡುವೆ ಸೀಳಿ, ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿಯ ಕೊಳವೆಯಂಥ ತೆಳು ಕವರನ್ನು ಟೊಪ್ಪಿಗೆಯಾಗಿ ಹಾಕುತ್ತಾರೆ. ಆ ತಾಯಿಯ ಕೈಯಲ್ಲಿ ಇಷ್ಟೂ ಕೆಲಸ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಪ್ರಥಮ ದರ್ಜೆಯಲ್ಲಿ ಪಾಸಾಗುವ ನನ್ನ ವಿದ್ಯಾರ್ಥಿನಿಯೊಬ್ಬಳು ಚಾಕು ಹಿಡಿದಳು. ಬೆಣೆಯ ಮುಖ ಸಮನಾಗಿ ಬರಲಿಲ್ಲ; ಎರಡನೆಯ ಸಲ ಕೆತ್ತಿದಳು, ಮೂರನೆಯ ಸಲ ಕೆತ್ತಿದಳು. "ಕೈ ನಡುಗಿದ್ರ ಕಸಿ ಹತ್ತಲ್ಲ ನೋಡ ತಂಗಿ. ಒಂದೇ ಏಟಿಗೆ ಕೊಯ್ಯಬೇಕು," ಎಂದರು ಆ ಹೆಂಗಸು. ಹುಡುಗಿ ಆಗ ನನ್ನತ್ತ ತಿರುಗಿ, ಸಿಪ್ಪೆಯ ಕೆಳಗೆ ಹೊಸ ಜೀವಕೋಶ ಹುಟ್ಟಿಸುವ ಕ್ಯಾಂಬಿಯಂ ಪದರಗಳು ಒಂದಕ್ಕೊಂದು ತಾಗಬೇಕಾದದ್ದರಿಂದಲೇ ಹೀಗೆ ಹೇಳುತ್ತಿದ್ದಾರಲ್ಲವೇ ಎಂದು ಕೇಳಿದಳು. ಕಸಿ ಕಟ್ಟುವವರಿಗೆ ಆ ಪದರದ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವಳಿಗೆ ಚಾಕು ಹಿಡಿಯಲು ಬರುತ್ತಿರಲಿಲ್ಲ. ಇಬ್ಬರೂ ಬೆಳಗಿನ ಉಳಿದ ಹೊತ್ತನ್ನು ಒಟ್ಟಿಗೆ ಕಳೆದರು. ಕಡ್ಡಿ ಮತ್ತು ಬೇರುಸಸಿ ಒಂದೇ ದಪ್ಪ ಇಲ್ಲದಿದ್ದರೆ ಒಂದು ಬದಿಯ ಸಿಪ್ಪೆಯನ್ನಾದರೂ ಸರಿಯಾಗಿ ಕೂರಿಸಬೇಕೆಂದು ಆಕೆ ತೋರಿಸಿದಾಗ, ಪಠ್ಯಪುಸ್ತಕದ ಅಡ್ಡಸೀಳಿಕೆಯ ಚಿತ್ರ ಹುಡುಗಿಗೆ ಮೊದಲ ಸಲ ಉಪಯೋಗಕ್ಕೆ ಬಂತು.

ನರ್ಸರಿಯ ಮಾಲೀಕರು ಅಂದು ಹೇಳಿದ ಮಾತೂ ಮುಖ್ಯವಾದದ್ದು. ಅವರಲ್ಲಿ ಮಾವಿಗಿಂತ ಹೆಚ್ಚು ವ್ಯವಹಾರ ಟೊಮೆಟೊ, ಮೆಣಸಿನಕಾಯಿ, ಎಲೆಕೋಸಿನ ಸಸಿಗಳದ್ದು. 98 ಗುಳಿಗಳ ಪ್ರೋಟ್ರೇಗಳಲ್ಲಿ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಳಿಗೊಂದು ಬೀಜ ಹಾಕಿ, ಟೊಮೆಟೊ ಆದರೆ ಇಪ್ಪತ್ತೈದು ದಿನದ ಹೊತ್ತಿಗೆ ರೈತರಿಗೆ ಕೊಡುತ್ತಾರೆ. ಬೆಳೆಸುವ ಕೂಲಿಯಾಳುಗಳು ಅವರಿಗೆ ಸಿಗುತ್ತಾರೆ. ಸಸಿಯನ್ನು ನೋಡಿ ಓದಬಲ್ಲವರು ಸಿಗುವುದಿಲ್ಲ. ಎಲೆ ಹಳದಿಯಾದದ್ದು ಪೋಷಕಾಂಶದ ಕೊರತೆಯಿಂದಲೋ, ನೀರಿನ ಉಪ್ಪಿನಿಂದಲೋ, ಬಿಳಿನೊಣ ತಂದ ವೈರಸ್ಸಿನಿಂದಲೋ ಎಂದು ಹೇಳುವವರು. ಯಾವ ಬೀಜದ ಲಾಟು ಎಷ್ಟು ಮೊಳೆಯಿತೆಂದು ಪುಸ್ತಕದಲ್ಲಿ ಬರೆದಿಡುವವರು. ಪರದೆಯ ಹರಿದ ಮೂಲೆಯೊಂದು ಏಕೆ ಅಪಾಯವೆಂದು ಅರಿತವರು ಅವರಿಗೆ ಬೇಕು. ವೈರಸ್ ಹೊತ್ತ ಸಸಿಗಳು ನರ್ಸರಿ ದಾಟಿದರೆ ಹಲವು ಊರಿನ ಹೊಲಗಳಿಗೆ ರೋಗವನ್ನು ಕೊಟ್ಟು ಕಳಿಸಿದಂತೆಯೇ. ಮಾಲೀಕರ ಈ ಮಾತು ಕೇಳಿದ ಮೇಲೆ, ನಾಲ್ಕು ಗೋಡೆಯ ನಡುವೆ ಸ್ಲೈಡ್ ತೋರಿಸುವುದಕ್ಕಿಂತ ಇಂಥ ಒಂದು ಬೆಳಗು ಹೆಚ್ಚು ಎಂಬ ನನ್ನ ನಂಬಿಕೆ ಗಟ್ಟಿಯಾಯಿತು.

ಬೆಳೆಯ ಹಿಂದೆ ನಡೆದು ಹೋದರೆ

ತೋಟಗಾರಿಕೆ ಎಂದರೆ ಬೆಳೆಯುವುದು ಮಾತ್ರ ಎಂಬ ಕಲ್ಪನೆ ನಮ್ಮ ಮಕ್ಕಳಲ್ಲಿ ಬಲವಾಗಿದೆ. ಅದನ್ನು ಒಡೆಯಲು ಒಂದು ಬೆಳೆಯನ್ನು ಹಿಡಿದು ಕೊನೆಯವರೆಗೆ ಹಿಂಬಾಲಿಸುವುದೇ ಒಳ್ಳೆಯ ದಾರಿ. ನಮ್ಮಲ್ಲಿ ಅದಕ್ಕೆ ಬಾಳೆ ಇದೆ. ಕಲಬುರಗಿಯಿಂದ ಹುಮನಾಬಾದಿಗೆ ಬರುವ ದಾರಿಯಲ್ಲಿ ಸಿಗುವ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಊರಿನ ಹೆಸರನ್ನು ಅಲ್ಲಿಯ ಬೆಳೆಗಷ್ಟೇ ಮೀಸಲಿಡುವ ಮಾನ್ಯತೆ ಇದೆ. ಸಾಮಾನ್ಯ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದಿನ ನೀರು, ಗೊಬ್ಬರ, ಗಾಳಿಯ ಭಯ ಎಲ್ಲವನ್ನೂ ರೈತರೇ ಹೊರಬೇಕು. ಹೆಸರಿಗೆ ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ನಿಜವಾದ ಕಮಲಾಪುರದ ಹಣ್ಣೆಂದು ಗುರುತಿಸಿ, ಬೆಳೆಗಾರರನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿ, ಒಂದೇ ಗಾತ್ರದ ಹಣ್ಣನ್ನು ಆರಿಸಿ, ಹೈದರಾಬಾದ್, ಬೆಂಗಳೂರಿನ ಅಂಗಡಿಗಳವರೆಗೆ ಒಯ್ಯುವ ಕೆಲಸಕ್ಕೆ ಓದಿದವರು ಬೇಕು. ರೋಗಮುಕ್ತ ಸಸಿಗಾಗಿ, ಗಿಡದ ಸಣ್ಣ ತುಣುಕಿನಿಂದಲೇ ಸಸಿ ಬೆಳೆಸುವ ಅಂಗಾಂಶ ಕೃಷಿಯ ಪ್ರಯೋಗಾಲಯ ಬೇಕು. ಅಲ್ಲಿ ಗಾಜಿನ ಸೀಸೆಯಿಂದ ಹೊರಬಂದ ಸಸಿಯನ್ನು ಹೊರಗಿನ ಬಿಸಿಲಿಗೆ ಹಂತಹಂತವಾಗಿ ಹದಗೊಳಿಸುವ ಕೆಲಸವೇ ಒಂದು ಪರಿಣತಿ. ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮುಂದೆ ಬಾಳೆಕಾಯಿ ಹಣ್ಣಾಗಬೇಕು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದಕ್ಕೆ ಕಾನೂನಿನ ನಿಷೇಧವಿದೆ. ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಭಾಗಕ್ಕೆ ನೂರು ಭಾಗದ ಮಿತಿಯೊಳಗೆ ಬಳಸಲು ಅನುಮತಿ ಇದೆ. ಮಾಗಿಸುವ ಕೋಣೆಯ ಉಷ್ಣತೆಯನ್ನು ಹದಿನಾರು, ಹದಿನೆಂಟು ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು, ತೇವ ಕಾಯಬೇಕು, ಕಾಯಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡಬೇಕು. ಇದು ಸಸ್ಯದ ಉಸಿರಾಟದ ಪಾಠ. ಪದವಿಯಲ್ಲಿ ನಾವು ಅದನ್ನು ಕಲಿಸುತ್ತೇವೆ, ಪರೀಕ್ಷೆಯಲ್ಲಿ ಅಂಕಗಳಿಗಾಗಿ ಕೇಳುತ್ತೇವೆ. ಆದರೆ ಆ ಪಾಠ ಬಲ್ಲವರಿಗೆ ಸಂಬಳ ಕೊಡುವ ಕೋಣೆಗಳು ಪ್ರತಿಯೊಂದು ದೊಡ್ಡ ಊರಿನ ಹಣ್ಣಿನ ಮಾರುಕಟ್ಟೆಯ ಹಿಂದೆ ಇವೆ ಎಂದು ಹೇಳುವುದಿಲ್ಲ.

ಬೀದರಿನ ಶುಂಠಿಯನ್ನು ಹಿಡಿದರೂ ಇಷ್ಟೇ ಉದ್ದದ ದಾರಿ ಸಿಗುತ್ತದೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಬೀದರ್ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಶುಂಠಿಯೇ. ಘಟಕದ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗಿನ ಸಹಾಯಧನವನ್ನು ಅದು ಗೊತ್ತುಮಾಡಿತು. ಹಸಿ ಶುಂಠಿಯ ದರ ಒಂದು ವರ್ಷ ಏರಿ ಮರುವರ್ಷ ನೆಲ ಕಚ್ಚುವುದನ್ನು ಕಂಡ ನಮ್ಮ ಮನೆಗಳಲ್ಲಿ ಒಣ ಶುಂಠಿ, ಪುಡಿ, ಪೇಸ್ಟ್ ಮಾಡಿ ಮಾರುವ ಯೋಚನೆ ಬರಬೇಕಾದದ್ದು ಸಹಜ. ಆದರೆ ತೇವಾಂಶ ಎಷ್ಟಿರಬೇಕು, ಬೂಸ್ಟು ಬರದಂತೆ ಹೇಗೆ ಒಣಗಿಸಬೇಕು, ಪೊಟ್ಟಣದ ಮೇಲೆ ಏನು ಮುದ್ರಿಸಬೇಕು, ಆಹಾರ ಸುರಕ್ಷತೆಯ ಪರವಾನಗಿ ಯಾರು ಕೊಡುತ್ತಾರೆ ಎಂದು ತಿಳಿದ ಒಬ್ಬ ಮಗಳೋ ಮಗನೋ ಮನೆಯಲ್ಲಿ ಇಲ್ಲದಿದ್ದರೆ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀದರ್ ಕೋಟೆಗೆ ಪ್ರವಾಸ ಹೋದಾಗ ವಿದ್ಯಾರ್ಥಿಗಳು ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ ಕೆಲಸವನ್ನು ನೋಡುತ್ತಾರೆ, ಸುತ್ತಲಿನ ಹಸಿರನ್ನು ಗಮನಿಸುವುದಿಲ್ಲ. ಸ್ಮಾರಕಗಳ ಉದ್ಯಾನಗಳನ್ನು ನೋಡಿಕೊಳ್ಳಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತನ್ನದೇ ಆದ ತೋಟಗಾರಿಕಾ ಶಾಖೆ ಇದೆ, ಅದರ ಕೇಂದ್ರ ಆಗ್ರಾದಲ್ಲಿದೆ ಎಂದರೆ ಮಕ್ಕಳು ಆಶ್ಚರ್ಯಪಡುತ್ತಾರೆ. ಹಳೆಯ ಗೋಡೆಯ ಬುನಾದಿಗೆ ಬೇರು ನುಗ್ಗದಂತೆ, ನೀರು ಜಿನುಗದಂತೆ ಗಿಡಗಳನ್ನು ಆರಿಸುವುದು ಬಹಳ ಸೂಕ್ಷ್ಮವಾದ ಕೆಲಸ.

ದಾರಿಗಳು, ಮತ್ತು ತಡವಾಗಿ ತಿಳಿಯುವ ಸಂಗತಿಗಳು

ತೋಟಗಾರಿಕೆಯ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಪದವಿಗೆ ಪ್ರವೇಶ ಸಿಗುವುದು ಪಿಯುಸಿ ವಿಜ್ಞಾನದ ನಂತರ, ಸಿಇಟಿ ಮೂಲಕ. ನನ್ನ ಕಾಲೇಜಿಗೆ ಬಂದ ಮೇಲೆ ಈ ವಿಷಯ ತಿಳಿದವರಿಗೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಒಂದು ಮಹಾವಿದ್ಯಾಲಯ ಬೀದರಿನಲ್ಲಿಯೇ, ಹಳ್ಳದಕೇರಿಯಲ್ಲಿದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಕಾಳು, ಸಲಕರಣೆ, ಕಳೆಗಳನ್ನು ಗುರುತಿಸುವ ಆ ಪರೀಕ್ಷೆಯಲ್ಲಿ ನಮ್ಮ ಹಳ್ಳಿಯ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70 ಸೀಟುಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟುಗಳು ಮೀಸಲಿವೆ. ಇಷ್ಟೆಲ್ಲ ಇದ್ದೂ ಪ್ರಮಾಣಪತ್ರ ಮಾಡಿಸುವುದು ತಡವಾಗಿ ಸೀಟು ಬಿಟ್ಟವರನ್ನು ನಾನು ನೋಡಿದ್ದೇನೆ. ಈ ಮಾತುಗಳನ್ನು ಪಿಯುಸಿ ಮೊದಲ ವರ್ಷದಲ್ಲಿಯೇ, ಸಾಧ್ಯವಾದರೆ ಹತ್ತನೆಯ ತರಗತಿಯಲ್ಲಿಯೇ ಹೇಳಬೇಕು. ಹತ್ತನೆಯ ತರಗತಿ ಮುಗಿಸಿದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ ಶಿಷ್ಯವೇತನದೊಂದಿಗೆ ಹತ್ತು ತಿಂಗಳ ತರಬೇತಿ ಕೊಡುತ್ತದೆ ಎಂಬುದೂ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಹಾಗಾದರೆ ನನ್ನ ಬಿ.ಎಸ್ಸಿ. ಮಕ್ಕಳಿಗೆ ಏನಿದೆ? ಅಂಗಾಂಶ ಕೃಷಿ ಮತ್ತು ಬೀಜ ಪರೀಕ್ಷೆಯ ಪ್ರಯೋಗಾಲಯಗಳು, ನರ್ಸರಿ, ಸಂಸ್ಕರಣಾ ಘಟಕಗಳ ಗುಣಮಟ್ಟ ವಿಭಾಗ ಅವರಿಗೂ ತೆರೆದಿವೆ. ಆದರೆ ನಾನು ಹೆಚ್ಚು ಒತ್ತಿ ಹೇಳುವುದು ಕೀಟನಾಶಕದ ಅಂಗಡಿಯ ಬಗ್ಗೆ. 2015ರಲ್ಲಿ ತಿದ್ದಿದ ನಿಯಮದ ಪ್ರಕಾರ ಕೀಟನಾಶಕ ಮಾರುವ ಪರವಾನಗಿಗೆ ಕೃಷಿ ವಿಜ್ಞಾನ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಇಲ್ಲವೇ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಪದವಿ ಪಡೆದವರು ಅರ್ಹರು. ಬೆಳೆಗೆ ರೋಗ ಬಂದಾಗ ನಮ್ಮ ರೈತರು ಒಂದು ಎಲೆ ಕಿತ್ತುಕೊಂಡು ಮೊದಲು ಹೋಗುವುದು ಆ ಅಂಗಡಿಗೆ. ಕೌಂಟರಿನ ಹಿಂದೆ ನಿಂತವರು ಆ ಎಲೆಯನ್ನು ತಿರುಗಿಸಿ ನೋಡಿ, ಇದಕ್ಕೆ ಔಷಧವೇ ಬೇಡ, ಡ್ರಿಪ್ಪಿನ ನೀರು ಕಡಿಮೆ ಮಾಡಿ ಎನ್ನಬಲ್ಲವರಾದರೆ ಒಂದು ಊರಿನ ಖರ್ಚು, ಮಣ್ಣು, ಆರೋಗ್ಯ ಎಲ್ಲವೂ ಬದಲಾಗುತ್ತದೆ. ಮಾರಾಟ ಕಡಿಮೆಯಾಗುವ ಭಯದ ನಡುವೆ ಹಾಗೆ ಹೇಳುವುದು ಕಷ್ಟ ಎಂದು ನನಗೆ ಗೊತ್ತು. ಆದರೂ ಈ ಕೆಲಸವನ್ನು ಮರ್ಯಾದೆಯ ವೃತ್ತಿಯೆಂದು ಮಕ್ಕಳ ಮುಂದೆ ಇಡಬೇಕು.

ಕೃಷಿ, ತೋಟಗಾರಿಕೆ ಪದವೀಧರರಿಗೆ ಇನ್ನೊಂದು ದಾರಿ ಇದೆ. ರೈತರಿಗೆ ಸಲಹೆ, ಸೇವೆ ಕೊಡುವ ಸ್ವಂತ ಕೇಂದ್ರ ತೆರೆಯಲು ನೆರವಾಗುವ, 2002ರಿಂದ ನಡೆಯುತ್ತಿರುವ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ಉದ್ಯಮ ಕೇಂದ್ರಗಳ ಯೋಜನೆಯನ್ನು ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ (ಮ್ಯಾನೇಜ್) ನೋಡಿಕೊಳ್ಳುತ್ತದೆ. 45 ದಿನಗಳ ತರಬೇತಿಯ ನಂತರ ಪಡೆಯುವ ಸಾಲಕ್ಕೆ ಸಹಾಯಧನ ಸಾಮಾನ್ಯರಿಗೆ ಶೇಕಡಾ 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇಕಡಾ 44.

ಮಗಳು ಮಣ್ಣಿಗೆ ಬೇಡ ಎನ್ನುವವರು

ಪಾಲಕರ ಸಭೆಗೆ ಬಂದಿದ್ದ ಒಬ್ಬರು, ಮಗಳು ನರ್ಸರಿಯಲ್ಲಿ ಕೆಲಸ ಕಲಿಯಲು ರಜೆಯಲ್ಲಿ ಹೋಗಬೇಕೆಂದಿದ್ದಾಳೆ ಎಂದು ನನ್ನ ಮುಂದೆ ಬೇಸರ ಹೇಳಿಕೊಂಡರು. "ಮೇಡಂರೀ, ನಮ್ ಹುಡುಗಿ ಮಣ್ಣಾಗ ದುಡಿಯೂದು ಬ್ಯಾಡ್ರಿ. ನಾವು ದುಡಿದಿದ್ದೇ ಸಾಕಾಗ್ಯಾದ." ಅವರ ಅಂಗೈ ನೋಡಿದವರು ಆ ಮಾತಿಗೆ ಎದುರಾಡುವುದು ಸುಲಭವಲ್ಲ. ಮಕ್ಕಳನ್ನು ಓದಿಸುವುದೇ ಬಿಸಿಲಿನಿಂದ ನೆರಳಿಗೆ ಕಳಿಸುವುದಕ್ಕೆ ಎಂದು ನಂಬಿ ಒಂದಿಡೀ ತಲೆಮಾರು ದುಡಿದಿದೆ. ನಾನು ಅವರಿಗೆ ಹೇಳಿದ್ದಿಷ್ಟು: ನಿಮ್ಮ ಮಗಳು ಹೋಗಬೇಕೆಂದಿರುವುದು ಕೂಲಿಗಲ್ಲ, ಕೂಲಿಯವರ ಕೈಯಲ್ಲಿರುವ ವಿದ್ಯೆಗೆ, ಆ ವಿದ್ಯೆಯ ಜೊತೆ ಅವಳ ಓದು ಸೇರಿದರೆ ನಾಳೆ ಅವಳೇ ಒಂದು ನರ್ಸರಿ ನಡೆಸಬಲ್ಲಳು. ಅವರು ಒಪ್ಪಿದರೆಂದು ಹೇಳಲಾರೆ. ಮನೆಗೆ ಹೋಗಿ ವಿಚಾರ ಮಾಡುತ್ತೇವೆ ಎಂದರು.

ಅವರ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಖಾಸಗಿ ಕಂಪನಿಗಳಲ್ಲಿ ಶುರುವಿನ ಸಂಬಳ ಸಣ್ಣದು, ಕ್ಷೇತ್ರ ಪ್ರತಿನಿಧಿಯ ಕೆಲಸವೆಂದರೆ ದಿನವಿಡೀ ಬೈಕಿನ ಮೇಲೆ ಹಳ್ಳಿ ಸುತ್ತುವುದು, ಮಾರಾಟದ ಗುರಿ ಮುಟ್ಟುವುದು. ಹೆಣ್ಣುಮಕ್ಕಳಿಗೆ ಆ ಕೆಲಸ ಕೊಡಲು ಹಿಂದೆಮುಂದೆ ನೋಡುವವರು ಇದ್ದಾರೆ. ಇನ್ನೊಂದೆಡೆ, ನರ್ಸರಿಗಳಲ್ಲಿ ಮತ್ತು ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಸೂಕ್ಷ್ಮ ಕೆಲಸ ಮಾಡುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವೇ. ಮೇಲ್ವಿಚಾರಕರ ಕುರ್ಚಿಯಲ್ಲಿ ಅವರು ಕಡಿಮೆ. ತೋಟಗಾರಿಕೆಯನ್ನು ಹೊಗಳಿ ಪರಿಚಯಿಸುವವರು ಇದನ್ನೂ ಹೇಳಬೇಕು, ಇಲ್ಲವಾದರೆ ಮಕ್ಕಳು ಮೊದಲ ವರ್ಷದಲ್ಲಿಯೇ ಮನಸ್ಸು ಮುರಿದುಕೊಂಡು ಬೇರೆ ಪರೀಕ್ಷೆಗಳ ತಯಾರಿಗೆ ಧಾರವಾಡಕ್ಕೆ ಹೋಗಿಬಿಡುತ್ತಾರೆ.

ಒಂದು ಹಂಗಾಮು ಬೇಕು

ನಾನು ಬಯಸುವುದು ಭಾಷಣದ ಬದಲು ಒಂದು ಹಂಗಾಮು. ವಿದ್ಯಾರ್ಥಿಗಳು ಎರಡು ಮೂರು ಜನರ ತಂಡವಾಗಿ ತಮ್ಮ ಊರಿನ ಒಂದು ಬೆಳೆಯನ್ನು ಆರಿಸಿಕೊಳ್ಳಲಿ. ಬೀಜ ಎಲ್ಲಿಂದ ಬಂತು, ಯಾವ ದಿನ ಏನು ಹೊಡೆದರು, ಡಬ್ಬಿಯ ಮೇಲೆ ವಿಷದ ತೀವ್ರತೆ ತಿಳಿಸುವ ತ್ರಿಕೋನದ ಬಣ್ಣ ಯಾವುದು, ಕೊಯ್ಲಿಗೆ ಎಷ್ಟು ದಿನ ಮೊದಲು ಔಷಧ ನಿಲ್ಲಿಸಿದರು, ಗಾಡಿ ಬಾಡಿಗೆ ಎಷ್ಟು, ಮಂಡಿಯಲ್ಲಿ ಎಷ್ಟು ಮಾಲು ಕೊಳೆತದ್ದೆಂದು ಕಳೆದರು, ಅಡತಿಯವರ ಚೀಟಿಯಲ್ಲಿ ಏನಿತ್ತು ಎಂದು ಬರೆದಿಡಲಿ. ಅದರಲ್ಲಿ ನಷ್ಟವಾದ ಜಾಗವೊಂದು ಸಿಕ್ಕೇ ಸಿಗುತ್ತದೆ. ಆ ನಷ್ಟವನ್ನು ತಡೆಯಬಲ್ಲವರು ಯಾರು ಎಂದು ಕೇಳಿದರೆ ಒಂದು ಉದ್ಯೋಗದ ವಿವರ ತಾನಾಗಿ ಹೊರಬರುತ್ತದೆ.

ಇದಕ್ಕೆ ಅಡ್ಡಿಯಾಗಿರುವುದು ನಮ್ಮ ವೇಳಾಪಟ್ಟಿ. ಮಾವಿನ ಕಸಿ ಮಳೆಗಾಲದಲ್ಲಿ ಹತ್ತುತ್ತದೆ, ಆ ತಿಂಗಳುಗಳಲ್ಲಿ ನಾವು ಪ್ರವೇಶದ ಕೆಲಸದಲ್ಲಿಯೋ ಪರೀಕ್ಷೆಯಲ್ಲಿಯೋ ಮುಳುಗಿರುತ್ತೇವೆ. ಕ್ಷೇತ್ರ ಭೇಟಿಗೆ ದಿನ ಸಿಗುವುದು ನರ್ಸರಿಯಲ್ಲಿ ಕಸಿಯ ಕೆಲಸ ಮುಗಿದ ಮೇಲೆ. ಹುಮನಾಬಾದಿನ ಆ ನರ್ಸರಿಯವರು, ಜುಲೈ ತಿಂಗಳ ಶನಿವಾರಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಬರುವುದಾದರೆ ಆರು ಜನರಿಗೆ ಚಾಕು, ಬೇರುಸಸಿ, ಕಲಿಸುವವರು ಎಲ್ಲವನ್ನೂ ಕೊಡುವುದಾಗಿ ಹೇಳಿದ್ದಾರೆ. ಪ್ರಾಯೋಗಿಕ ತರಗತಿಯ ಅವಧಿಯನ್ನು ಆ ಶನಿವಾರಗಳಿಗೆ ವರ್ಗಾಯಿಸಿಕೊಡಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇನೆ. ಹೋಗಲು ಹೆಸರು ಕೊಟ್ಟಿರುವವರು ಆರಕ್ಕಿಂತ ಹೆಚ್ಚಿದ್ದಾರೆ, ಅವರಲ್ಲಿ ಪಾಲಕರ ಸಭೆಗೆ ಬಂದಿದ್ದವರ ಮಗಳೂ ಒಬ್ಬಳು.